ನೀರಿಗೆ ಬಿಡದ ಕಲ್ಲು

ನಮ್ಮ ಪಕ್ಕದ ಮನೆ ಸೌಂದರ್ಯ ಕೊನೇ ಬಸ್ಸಿಗೆ ಬಂದು ಹನಗೋಡಲ್ಲಿ ಇಳಿದಾಗ ಅಂಗಡಿ ಬಾಗಿಲೆಲ್ಲ ಹಾಕಿತ್ತು. ಮನೆಗೆ ಬರಲಿಲ್ಲ. ಆಲದ ಮರ ದಾಟಿ ಸೀದಾ ಹೊಳೆ ಕಡೆ ಹೊರಟ್ಲು. ಬ್ಯಾಗಿನೊಳಗೆ ಸದ್ದು... ಟಿಕ್... ಟಿಕ್... ಬಳೆ ಬಿಂದಿಗೆಗೆ ತಾಕಿದಂಗೆ. ಬ್ಯಾಗಲ್ಲಿದ್ದದ್ದು ಒಂದು ಬೆಣಚುಕಲ್ಲು ಕಣ್ರೀ, ಅಷ್ಟೇ.

ಅದು ಅವಳವ್ವ ಸುನಂದಮ್ಮನ ಕಲ್ಲು. ತಿಥಿ ದಿನ ಹೊಳೆದಂಡೇಲಿ ಕಲ್ಲನ್ನೇ ಸತ್ತವರು ಅಂತ ಕೂರಿಸಿ, ಹಾಲು ತುಪ್ಪ ಬಿಟ್ಟು, ಆಮೇಲೆ ನೀರಿಗೆ ಬಿಡ್ತಾರಲ್ಲ... ಅದು. ಸೋದರಮಾವ ಚಾಮಯ್ಯ ಬಿಡವ್ವ ಅಂತ ಇವಳ ಕೈಗೇ ಕೊಟ್ಟಿದ್ದ. ಇವಳಿಗೆ ಅಳು ಇಲ್ಲ, ಒಳಗೆಲ್ಲ ಮರಗಟ್ಟಿತ್ತು. ಬೆರಳು ಬಿಚ್ಚಲೇ ಇಲ್ಲ. ವೇಲಲ್ಲಿ ಸುತ್ಕೊಂಡು ಮೈಸೂರಿಗೆ ಹೋಗ್ಬಿಟ್ಲು.

ಅಲ್ಲಿ ಲ್ಯಾಬಲ್ಲಿ ಅವಳ ಕೆಲಸ ಏನಪ್ಪ ಅಂದ್ರೆ, ಹರಳಿಗೆ ಲೇಸರ್ ಬಿಡೋದು. ಚೆದುರಿ ಬಂದ ಬೆಳಕು ನೋಡಿ ಒಳಗೆ ಪರಮಾಣುಗಳು ಹೆಂಗೆ ನಡುಗ್ತವೆ ಅಂತ ಹೇಳೋದು. ಅದೇ ನಡುಕಾನ ಕಂಪ್ಯೂಟರಲ್ಲಿ ಬುಡದಿಂದ ಲೆಕ್ಕ ಹಾಕೋದು. ಎರಡೂ ತಾಳೆ ಆಗ್ಬೇಕು. ಒಂದಿನ ಅವ್ವನ ಕಲ್ಲನ್ನೂ ಲೇಸರ್ ಕೆಳಗೆ ಇಟ್ಲು. ಪರದೆ ಮೇಲೆ ನಡುಕಕ್ಕೊಂದರಂತೆ ಬಂದ ಗೆರೆಗಳೆಲ್ಲ ತಾಳೆ ಆದ್ವು... ಒಂದು ಗೆರೆ ಮಾತ್ರ ಹೆಚ್ಚಿಗೆ. ಬೆಣಚುಕಲ್ಲು ಅಲ್ಲಿ ನಡುಗೋಕೇ ಆಗಲ್ಲ ಅಂತ ಲೆಕ್ಕ ಹೇಳ್ತು. ಬೇರೆ ಕಲ್ಲಿಟ್ರೆ ಆ ಗೆರೆ ಇಲ್ಲ. ಇದನ್ನಿಟ್ರೆ ಏಳುತ್ತೆ... ಇಳಿಯುತ್ತೆ... ಉಸಿರಾಡಿದಂಗೆ.

ಲೇಸರ್ ಆರಿಸಿದ್ಲು. ಗೆರೆ ಏಳ್ತಾನೇ ಇತ್ತು.

ಅವಳಿಗೆ ಭಯವೂ ಆಗಲಿಲ್ಲ ನೋಡಿ. ಅವ್ವನ್ನ ದಾಟೋಕೆ ಬಿಡದೆ ನಾನೇ ಹಿಡ್ಕೊಂಡಿದೀನಿ ಅಂತ ಗೊತ್ತಾಯ್ತು. ಬಿಟ್ರೆ ಇನ್ನು ಅವ್ವ ಅನ್ನೋದು ಏನೂ ಉಳಿಯಲ್ಲ... ಅದೂ ಗೊತ್ತಾಯ್ತು.

ಆ ರಾತ್ರಿ ಹೊಳೇಲಿ ಮೊಣಕಾಲುದ್ದ ನೀರಿಗೆ ಇಳಿದು, ಕಲ್ಲು ಮುಷ್ಟಿಲಿ ಹಿಡಿದು ನಿಂತ್ಲು. ಟಿಕ್ ಟಿಕ್ ನಿಂತೋಯ್ತು. ಕಿವಿ ಹತ್ರ, ಮೆಲ್ಲಗೆ, ಅವ್ವನ ದನಿ...

"ನಿನ್ ಕೈ ನೋಯ್ತದೆ ಕಣವ್ವ... ಬುಡು."

ಬಿಟ್ಲು. ಗುಳುಕ್. ಅಷ್ಟೇ.

ಮಾರನೇ ದಿನ ಲ್ಯಾಬಿನ ಬೀಗ ಅವಳೇ ತೆಗೆದ್ಲು, ಕೀ ಇದ್ದದ್ದೂ ಅವಳ ಹತ್ರವೇ. ಪರದೆ ಮೇಲೆ ಗೆರೆ ಇಲ್ಲ. ಕಲ್ಲಿಡ್ತಿದ್ದ ಗಾಜಿನ ಮೇಲೆ ಎರಡು ಹನಿ ಹಾಲು. ಬೆರಳಿಟ್ಟು ನೋಡಿದ್ಲು. ಅವತ್ತೂ ಅಳು ಬರಲಿಲ್ಲವಂತೆ. ಆ ಬೆರಳನ್ನ ಬಾಯಿಗಿಟ್ಕೊಂಡ್ಲಂತೆ.

ಕತೆ ಕಟ್ಟೋ ಹುಡುಗಿ ಅಲ್ಲ ಅದು. ನನ್ ಮುಂದೆ ಕೂತು ಹೇಳಿದ್ದು... ಹಾಲು ಇನ್ನೂ ಬೆಚ್ಚಗಿತ್ತು.