ಮೂರನೇ ಪಿನ್

ದೀಪ ಆರಿಸಬೇಡಿ, ಮೊದಲು ಇದನ್ನು ಕೇಳಿ. ನಮ್ಮ ದೊಡ್ಡಮ್ಮನ ಮಗ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನಲ್ಲ, ಆ ಅಣ್ಣನಿಗೆ ಆಗಿದ್ದು.

ಅವತ್ತು ಅಂಗಡಿಗೆ ಬೀಗ ಹಾಕಿ ಕತ್ತಲಲ್ಲಿ ಮನೆ ಕಡೆ ಹೊರಟಿದ್ದ. ಹಾಳು ಬಾವಿ ದಾಟುವಾಗ ಕಟ್ಟೆಯ ಪಕ್ಕದಿಂದ ಯಾರೋ ಎದ್ದರು. ನೋಡಿದರೆ ಪಿಸುವಿನ ಹೆಂಡತಿ, ಇವನಿಗೇ ಕಾದು ಕೂತಿದ್ದಳು.

ಪಿಸು ಅಂದರೆ ಅಣ್ಣನ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ದನಿ ಎತ್ತಿ ಮಾತಾಡಿದವನೇ ಅಲ್ಲ, ಅದಕ್ಕೇ ಆ ಹೆಸರು. ಹಿಂದಿನ ತಿಂಗಳು ತನ್ನದೇ ಕಂಪ್ಯೂಟರನ್ನು ಅಂಗಡಿಗೆ ತಂದು ರಿಪೇರಿ ಮಾಡುತ್ತಾ ಶಾಕ್ ಹೊಡೆದು ಸತ್ತ. ಮದರ್‌ಬೋರ್ಡೂ ಸುಟ್ಟುಹೋಯಿತು.

"ನಮ್ಮ ಕಂಪ್ಯೂಟರ್ ಯಾವಾಗ ಕೊಡ್ತೀರ? ಫೋಟೋ ಎಲ್ಲಾ ಅದ್ರಲ್ಲೇ ಇದೆ."

"ನಾಳೆ ಕೊಡ್ತೀನಮ್ಮ."

"ಅವ್ರು ಒದ್ದೆ ಕೈಲಿ ಮುಟ್ಟಿದ್ರು ಅಂತ ಎಲ್ರ ಹತ್ರಾನೂ ಹೇಳಿದ್ರಲ್ಲ... ನಿಜವಾಗ್ಲೂ ಹಾಗೇ ಆಯ್ತಾ?"

"ಹಾಗೇ ಆಯ್ತು."

ಸುಳ್ಳು. ಶುದ್ಧ ಸುಳ್ಳು. ಮೂರು ಪಿನ್ನಿನ ಪ್ಲಗ್ಗು ಎರಡು ತೂತಿನ ಸಾಕೆಟ್ಟಿಗೆ ಹಿಡಿಸಲಿಲ್ಲ ಅಂತ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿನ ದಪ್ಪ ಪಿನ್ನನ್ನು ಇಕ್ಕಳದಲ್ಲಿ ಲಟಕ್ಕನೆ ಮುರಿದವನು ಅಣ್ಣನೇ. ಅದಿದ್ದಿದ್ದರೆ ಪಿಸು ಬದುಕುತ್ತಿದ್ದ. ಪೊಲೀಸರು ಬರುವುದರೊಳಗೆ ವಯರನ್ನೇ ಬದಲಾಯಿಸಿಬಿಟ್ಟಿದ್ದ, ಪುಣ್ಯಾತ್ಮ. ಸತ್ತವನ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಂಡ. ನಮ್ಮವನೇ ಆದರೂ ಹೇಳುತ್ತೇನೆ, ಮಾಡಬಾರದ್ದು ಮಾಡಿದ.

ಆ ಹೆಂಗಸಿನ ಮುಖ ಮತ್ತೆ ಮತ್ತೆ ನೋಡುವುದು ಬೇಡ, ಇವತ್ತೇ ಪೀಡೆ ತೊಲಗಲಿ ಅಂತ ಅಂಗಡಿಗೆ ವಾಪಸ್ ಬಂದ. ಹೊಸ ಬೋರ್ಡು ಕೂರಿಸಿ, ಸ್ಕ್ರೂ ಬಿಗಿದು, ಹಳೇ ಹಾರ್ಡ್ ಡಿಸ್ಕ್ ಜೋಡಿಸಿ ಬಟನ್ ಒತ್ತಿದ. ಬೀಪ್... ಒಂದೇ ಸಲ, ಚಿಕ್ಕದಾಗಿ. ಅಂದರೆ ಎಲ್ಲಾ ಸರಿ. ತಾರೀಕು, ಟೈಮು ಹಾಕಿದ. ಫೋಟೋಗಳು ಬಂದವು. ಆಫ್ ಮಾಡಿ ಪ್ಲಗ್ ಕಿತ್ತು ಮೇಜಿನ ಮೇಲಿಟ್ಟ. ಒಳಗೆ ಉಳಿದ ಕರೆಂಟು ಇಳಿಯಲಿ ಅಂತ, ರಿಪೇರಿಯವರು ಮಾಡುವಂತೆ, ಬಟನ್ನನ್ನು ಇನ್ನೊಮ್ಮೆ ಒತ್ತಿ ಹಿಡಿದ. ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಲ್ಲಬೇಕು.

ನಿಲ್ಲಲಿಲ್ಲ.

ಗುರ್‌ರ್‌ರ್... ಜೋರಾಯಿತು. ಕಂಪ್ಯೂಟರ್ ಡಬ್ಬದ ತಗಡು ನಡುಗತೊಡಗಿತು, ಟರ ಟರ ಟರ. ಆಮೇಲೆ ಕಿವಿಯ ಹತ್ತಿರವೇ...

"ಸಾರ್... ಮೂರನೇ ಪಿನ್ ಎಲ್ಲಿ?"

ಅಣ್ಣ ತಗಡನ್ನು ಹಿಡಿದು ನಿಲ್ಲಿಸಲು ಹೋದ. ಚಟ್. ಬಲಗೈ ಅಂಟಿಕೊಂಡಿತು.

"ಹೇಳಿ ಸಾರ್... ಜೋರಾಗಿ ಹೇಳಿ."

"ನಾನೇ ಮುರ್ದಿದ್ದು... ನಾನೇ ಕಣೋ, ಬಿಡೋ..."

ಪಕ್ಕದಂಗಡಿಯಲ್ಲಿ ಇನ್ನೂ ಹೊಲಿಯುತ್ತಿದ್ದ ಟೈಲರ್ ಕೂಗು ಕೇಳಿ ಓಡಿಬಂದು ಮರದ ಸ್ಕೇಲಿನಿಂದ ಕೈ ಬಿಡಿಸಿದ. ಮುರಿದಿದ್ದೇನು ಅಂತ ಅಲ್ಲೇ ಕೂರಿಸಿ ಪೂರ್ತಿ ಬಾಯಿ ಬಿಡಿಸಿದ. ಬೆಳಗಾಗುವುದರೊಳಗೆ ಬೀದಿಗೆಲ್ಲಾ ಗೊತ್ತಾಯಿತು.

ಅಣ್ಣ ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು, ಟೈಲರ್ ಹತ್ತಿರ ಕಂಪ್ಯೂಟರ್ ಹೊರಿಸಿಕೊಂಡು ಆಕೆಯ ಬಾಗಿಲಲ್ಲಿ ನಿಂತ. ಎಲ್ಲಾ ಒಪ್ಪಿಕೊಂಡ. "ನನ್ನ ಕೈಯೂ ಹೋಯ್ತಮ್ಮ," ಅಂದ.

"ಕೈ ತಾನೇ," ಅಂದಳು ಆಕೆ. ಕಂಪ್ಯೂಟರ್ ಇಸ್ಕೊಂಡು ಬಾಗಿಲು ಹಾಕಿದಳು.

ನಾನು ಕತೆ ಕಟ್ಟುತ್ತಿಲ್ಲ. ಟೈಲರ್ ಅಲ್ಲೇ ಇದ್ದಾನೆ, ಹೋಗಿ ಕೇಳಿ. ಮೊನ್ನೆ ನಾನೇ ಪಿಸುವಿನ ಮನೆಗೆ ಹೋಗಿದ್ದೆ. ಮಗು ಕಂಪ್ಯೂಟರಿನಲ್ಲಿ ಅಪ್ಪನ ಫೋಟೋ ನೋಡುತ್ತಾ ಕೂತಿತ್ತು. ಡಬ್ಬದೊಳಗಿನ ಫ್ಯಾನು ತಿರುಗುತ್ತಿತ್ತು. ಸಿಪಿಯು ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು.