ಕೆರೆಯ ಎರಡು ದಂಡೆಯ ಅರಿವೆ

ಆದೋನಿ ಆಸ್ಪತ್ರೆಯ ಪಡಸಾಲೆಯಲ್ಲಿ ನನ್ನ ಪಕ್ಕ ಒಬ್ಬಾಕೆ ಕೂತಿದ್ದಳು. ಮಡಿಲಲ್ಲಿದ್ದ ಕೂಸು ಬಿಡದೆ ಕೆಮ್ಮುತ್ತಿತ್ತು. ಆಕೆಯ ಅಣ್ಣ ಬಾಗಿಲಿಗೂ ಬೆಂಚಿಗೂ ತಿರುಗುತ್ತಲೇ ಇದ್ದ.

“ಅರಿವಿ ತಂದೀಯೇನು, ಉಚ್ಚವ್ವ?”

“ಎರಡೂ ತಂದೀನಣ್ಣ.”

“ಎಂಟು ದಿನ ಗಾಳಿಗೆ ಕಟ್ಟಿದ್ದಿ, ಹೌದಿಲ್ಲೋ?”

“ಹ್ಞೂಂ. ಒಂದು ಕೆರಿ ಈ ದಂಡಿಗೆ, ನಮ್ಮ ಮನಿ ಹತ್ರ, ಹತ್ತಿ ಜಿನ್ನಿನ ಮಿಲ್ಲಿನ ಹಿಂದ. ಇನ್ನೊಂದು ಆ ದಂಡಿಗೆ, ನೀ ಗುಡಿಸಲು ಹಾಕಿದಲ್ಲಿ.”

“ಯಾವುದಕ್ಕ ಎಷ್ಟು ಧೂಳು ಹತ್ತೇತಿ ಡಾಕ್ಟರು ನೋಡ್ಲಿ. ಆ ದಂಡಿ ಗಾಳಿ ಚಲೋ ಐತಿ ಅಂತ ಅವರು ಅಂದ್ರ ನಿನ್ನ ಗಂಡ ಕೂಸಿನ್ನ ಅಲ್ಲಿಗೆ ಕಳಸ್ತಾನ. ತೆಗಿ.”

ಆಕೆ ಗಂಟು ಬಿಚ್ಚಿದಳು. ಎರಡು ತುಂಡೂ ಬೆಳ್ಳಗಿದ್ದವು.

“ಇದೇನಿದು?”

“ಡಾಕ್ಟರ ಮುಂದ ಹೊಲಸು ಅರಿವಿ ಹೆಂಗ ಇಡ್ಲಿ? ಸವಳುಮಣ್ಣು ಹಾಕಿ ಒಗದೆ.”

“ಥೂ ನಿನ್ನ! ಹೋಗ್ಲಿ, ಜಿನ್ನಿನ ಕಡೀದು ಒಗದಾಗ ನೀರು ಕರ್ರಗಾತಿಲ್ಲೋ? ಅದನ್ನರ ಹೇಳು.”

“ಕರ್ರಗಾತು.”

“ಆ ದಂಡೀದು?”

ಆಕೆ ಕೂಸಿನ ಬೆನ್ನು ಸವರಿದಳು.

“ಅದೂ ಅಷ್ಟೇ ಕರ್ರಗಾತಣ್ಣ.”

ಅಷ್ಟು ಹೊತ್ತು ತಿರುಗುತ್ತಿದ್ದವನು ಕೂತುಬಿಟ್ಟ. ಕಾಂಪೌಂಡರ್ ತೆಲುಗಿನಲ್ಲಿ ಕೂಗಿದಾಗ ಆಕೆಯೊಬ್ಬಳೇ ಕೂಸನ್ನೆತ್ತಿಕೊಂಡು ಒಳಗೆ ಹೋದಳು.