ಅಜ್ಜಿಗೆ ಓದಬೇಕಾದ ಕಾಗದ

...ಹಂಗಲ್ಲ ಲಕ್ಷ್ಮಿದೇವಿ, ಕೂತ್ಕೋ ಮೊದ್ಲು. ಹೆಗಲಿಂದ ಬ್ಯಾಗಾದ್ರೂ ಇಳಿಸು. ಒಂದು ಇಂಟರ್ವ್ಯೂ ಹೋಯ್ತು ಅಂದ್ರೆ ಜಪಾನೇ ಮುಳುಗಿಹೋಯ್ತಾ? ನೋಡು, ಐದು ಗಂಟೆಗೆ ಉಳಿದ ಹುಡುಗೀರು ನನ್ನ ಜಪಾನೀಸ್ ಕ್ಲಾಸಿಗೆ ಬರ್ತಾರೆ. ನಾಳೆ ಅದೇ ಜಪಾನಿನ ವೃದ್ಧಾಶ್ರಮದವರು ಅವರನ್ನೂ ಕೆಲಸಕ್ಕೆ ಇಂಟರ್ವ್ಯೂ ಮಾಡ್ತಾರೆ. ಈಗ ನೀನು ಅವರ ಮುಂದೆ ಅತ್ರೆ ಆ ಹನ್ನೊಂದು ಜನಾನೂ ಧೈರ್ಯ ಬಿಟ್ಬಿಡ್ತಾರೆ. ಅದಕ್ಕೇ ಕೇಳ್ಕೊಳ್ತಾ ಇರೋದು, ಬಾಯಿ ಬಿಡ್ಬೇಡ.

ಯಾಕೆ ಹಂಗ್ ನೋಡ್ತೀಯ?

ಹೌದು, ಒಂದ್ಸಲ ಬೇಡ ಅಂದೋರ್ನ ಅವರು ಎರಡು ವರ್ಷ ಮತ್ತೆ ಕರೆಯಲ್ಲ. ಗೊತ್ತು. ಗೊತ್ತಿಲ್ಲ ಅಂದ್ನಾ ನಾನು?

ಏನಾಯ್ತು ಅಂತ ನೀನು ಫೋನಲ್ಲಿ ಹೇಳಿದ್ದೇ ಸಾಕು. ಆ ಜಪಾನಿ ಮೇಡಂ ವಿಡಿಯೋ ಕಾಲಲ್ಲಿ ಒಂದು ಕಾಗದ ತೋರಿಸಿದ್ರು. ಎದುರಿಗೆ ಕಣ್ಣು ಕಾಣದ ಅಜ್ಜಿ ಕೂತಿದಾಳೆ ಅಂದ್ಕೋ, ಮಗ ಬರೆದಿರೋದು, ಓದಿ ಹೇಳು ಅಂದ್ರು. ನಿಂಗೆ ಒಂದೊಂದು ಅಕ್ಷರದ ಅರ್ಥಾನೂ ಗೊತ್ತು. ಬಾಯಿಂದ ಶಬ್ದ ಮಾತ್ರ ಬರ್ಲಿಲ್ಲ. ಗಾಬರಿ ಕಣಮ್ಮ ಅದು.

ಅಲ್ವಾ... ಗಾಬರಿ ಅಲ್ವಾ?

ಈ ಕಾಂಜಿ ಅಕ್ಷರಗಳದ್ದೇ ಗ್ರಹಚಾರ. ಹುಟ್ಟಿದ್ದು ಚೀನಾದಲ್ಲಿ. ಜಪಾನಿನವರು ತಗೊಂಡ್ಹೋಗಿ ತಮ್ಮ ಮಾತಿಗೆ ಅಂಟಿಸ್ಕೊಂಡ್ರು. ರಸೆಲ್ ಮಾರ್ಕೆಟ್ಟಲ್ಲಿ ರಟ್ಟಿನ ಮೇಲೆ 5 ಅಂತ ಬರೆದಿಟ್ರೆ ನೀನು ಐದು ಅಂತೀಯ, ನಮ್ಮ ಕ್ಲಾಸಿನ ವಾಜಿದಾ ಪಾಂಚ್ ಅಂತಾಳೆ, ಹೂ ಮಾರೋ ತಮಿಳಮ್ಮ ಅಂಜು ಅಂತಾಳೆ. ಇದೂ ಹಂಗೇ. ಬೆಟ್ಟದ ಗುರುತು ನೋಡಿ ಚೀನಾದವನು ಶಾನ್ ಅಂತಾನೆ. ಜಪಾನಿನವಳು ಒಂದ್ಕಡೆ ಯಾಮಾ ಅಂತಾಳೆ, ಇನ್ನೊಂದ್ಕಡೆ ಸಾನ್. ನೋಡಿದ್ರೆ ಇಬ್ಬರಿಗೂ ಬೆಟ್ಟಾನೇ. ಅದಕ್ಕೇ ಮೊದ್ಲು ಅರ್ಥ, ಓದೋದು ಆಮೇಲೆ ಅಂದಿದ್ದು ನಾನು. ಮನುಷ್ಯನ ಗುರುತು ಮರದ ಗುರುತಿಗೆ ಒರಗಿದ್ರೆ ವಿಶ್ರಾಂತಿ ಅನ್ನೋ ಅಕ್ಷರ. ಮರೆತಿದೀಯಾ? ಇಲ್ವಲ್ಲ. ಒಂಬತ್ತು ತಿಂಗಳಲ್ಲಿ ಮುನ್ನೂರು ಅಕ್ಷರ ಬರೆಸಿದೀನಿ ನಿನ್ ಕೈಲಿ.

ಆಮೇಲೆ ಅಂದ್ರೆ ಯಾವಾಗ ಅಂತ ಕೇಳ್ಬೇಡ.

ನಗ್ತಿದೀಯಾ? ನಗು. ರಾತ್ರಿ ಪಾಳೀಲಿ ಹನ್ನೆರಡು ಗಂಟೆ ಹೊತ್ತು ಆಸ್ಪತ್ರೇಲಿ ಮುದುಕರ ಮೈ ಒರೆಸಿ, ಕೆ.ಆರ್. ಪುರದಿಂದ ಎರಡು ಬಸ್ ಹತ್ತಿ ಹಲಸೂರಿಗೆ ಬರ್ತಿದ್ದೆ, ಒಂದಿನಾನೂ ತಪ್ಪಿಸ್ಲಿಲ್ಲ. ನಿಮ್ಮವ್ವ ಜಟ್ಟೆಮ್ಮ ಊರಿಂದ ಬಂದಾಗ ನನ್ನ ಕಾಲಿಗೆ ಬಿದ್ರು. ನಾನು ಬೇಡ ಅನ್ನಲಿಲ್ಲ... ನೆನೆಸ್ಕೊಂಡ್ರೆ ನಾಚ್ಕೆ ಆಗುತ್ತೆ ನಂಗೆ.

ಏನಿದು? ಆ ಕಾಗದಾನಾ? ಪರದೆ ಮೇಲಿದ್ದಿದ್ದನ್ನ ಫೋಟೋ ತೆಗೆದು ಪ್ರಿಂಟ್ ಹಾಕ್ಸಿದೀಯಾ. ಬೇಡ, ಒಳಗಿಡು.

ನಾನು, ಈ ಕೇದಾರ್ ಸರ್ರೇ ಓದಿ ತೋರಿಸ್ಬೇಕಾ? ಕೊಡು ಮತ್ತೆ, ಇದೇನು ಮಹಾ. ಅಮ್ಮಾ, ಆರೋಗ್ಯ ನೋಡ್ಕೋ. ಊಟ ಆದ್ಮೇಲೆ ಔಷಧಿ ತಗೋ. ಮುಂದಿನ ತಿಂಗ್ಳು ಬರ್ತೀನಿ. ನೋಡಿದ್ಯಾ, ಎಷ್ಟು ಸುಲಭ.

ಹಂಗಲ್ವಾ. ಜಪಾನೀಸಲ್ಲೇ, ಗಟ್ಟಿಯಾಗಿ... ಅಜ್ಜಿಗೆ ಕೇಳೋ ಹಂಗೆ. ಹೂಂ.

ಬೆಳಕು ಸಾಲ್ದು ಇಲ್ಲಿ. ನನ್ ಕನ್ನಡಕ... ಹಾಕ್ಕೊಂಡೇ ಇದೀನಿ, ಗೊತ್ತು. ತಡಿ. ಇದನ್ನ... ಇದು...

ತಗೋ ನಿನ್ ಕಾಗದ ಲಕ್ಷ್ಮಿದೇವಿ. ಬೈದ್ಬಿಡು ಬೇಕಾದ್ರೆ. ಕೈ ಮುಗೀತೀನಿ.

ನಂಗೂ ಬರಲ್ಲ. ಆಯ್ತಾ? ಒಸಾಕಾದಲ್ಲಿ ಆರು ವರ್ಷ ಅಂತ ಬೋರ್ಡಲ್ಲಿ ಬರೆಸಿರೋದು ಸುಳ್ಳು. ನಾನು ಜಪಾನ್ ನೋಡೇ ಇಲ್ಲ. ಚೀನಾದ ಒಂದು ಮೊಬೈಲ್ ಕಂಪನೀಲಿದ್ದೆ, ಅಕ್ಷರ ಕಲ್ತಿದ್ದು ಅಲ್ಲಿ. ಕಂಪನಿ ಬಾಗಿಲು ಹಾಕ್ತು. ಚೀನೀ ಭಾಷೆ ಇಲ್ಲಿ ಯಾರಿಗೂ ಬೇಡ, ಎಲ್ಲರಿಗೂ ಜಪಾನೀಸೇ ಬೇಕು. ಅಕ್ಷರ ಒಂದೇ ತಾನೆ, ಉಳಿದಿದ್ದು ಕಲಿಸ್ತಾ ಕಲಿಸ್ತಾ ಕಲ್ತ್ಬಿಡ್ತೀನಿ ಅಂದ್ಕೊಂಡೆ. ಕಲೀಲಿಲ್ಲ. ನಿಮಗೆ ಹೇಳ್ಕೊಟ್ಟ ನಾಲ್ಕು ಮಾತು ಬಿಟ್ರೆ, ನಿನಗಿಂತ ಒಂದು ಸಾಲೂ ಜಾಸ್ತಿ ಓದೋಕೆ ಬರಲ್ಲ ನಂಗೆ.

ಮೆಟ್ಟಿಲ ಮೇಲೆ ಸದ್ದು... ವಾಜಿದಾ ದನಿ ಅದು. ಎಲ್ಲಾ ಬಂದ್ರು. ಈಗ ಗೊತ್ತಾದ್ರೆ ನಾಳೆ ಇಂಟರ್ವ್ಯೂಗೆ ಹೋಗದೆ ಉಳ್ಕೊಳ್ತಾರೆ, ಅವರ ಎರಡು ವರ್ಷಾನೂ ಉಳಿಯುತ್ತೆ. ನನ್ ಕಥೆ ಮುಗಿಯುತ್ತೆ.

ಬಾಗಿಲ ಚಿಲಕ ಹಿಡ್ಕೊಂಡು ನಿಂತಿದೀಯ. ನಾನೇ ಹೇಳ್ಲಿ ಅಂತಾನಾ?

...ತೆಗಿ.